ಒಂದೇ 'ನೀ', ಹತ್ತಾರು ಭಾಷೆ: ಪುಟ್ಟ ಪದದ ಬೇರು ಹುಡುಕುವ ಸಮಗ್ರ ಮಾರ್ಗದರ್ಶಿ

ನಾವು ಎದುರಿಗಿರುವವರನ್ನು 'ನೀ' ಅನ್ನುತ್ತೇವೆ. ಚೀನಾದ ಮ್ಯಾಂಡರಿನ್ ಮಾತಾಡುವವರೂ 'ನೀ' ಅನ್ನುತ್ತಾರೆ. ಅರ್ಥವೂ ಅದೇ. ಇದು ಮೊದಲ ಸಲ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತ್ತು. ಅದೇ ಸುಮಾರಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ "ಚೀನೀ ಭಾಷೆಗೂ ಕನ್ನಡವೇ ತಾಯಿ" ಎಂಬ ಸಂದೇಶ ಬಂತು. ಅದರಲ್ಲಿದ್ದ ಮೊದಲ ಸಾಕ್ಷಿಯೇ ಈ 'ನೀ'. ನಾನು ನಂಬಿದೆ, ನಾಲ್ಕು ಜನಕ್ಕೆ ಕಳಿಸಿಯೂ ಬಿಟ್ಟೆ.

ಆಮೇಲೆ ಅದು ನಿಜವೋ ಸುಳ್ಳೋ ನೋಡೋಣ ಅಂತ ಕೂತೆ. ಸಂದೇಶದಲ್ಲಿ ಇದ್ದದ್ದು ತಪ್ಪು. ಆದರೆ ಆ ಒಂದು ಅಕ್ಷರದ ಬೆನ್ನು ಹತ್ತಿ ಹೋದಾಗ ಸಿಕ್ಕ ನಿಜವಾದ ಕಥೆಗಳು ಆ ಸುಳ್ಳಿಗಿಂತ ಎಷ್ಟೋ ಚೆನ್ನಾಗಿದ್ದವು. ನಾನು ಹೋದ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆಗೆ 'ನೀ' ಪದವನ್ನೇ ಇಟ್ಟುಕೊಂಡಿದ್ದೇನೆ. ನೀವು ಬೇರೆ ಯಾವ ಪದ ಹಿಡಿದರೂ ದಾರಿ ಇದೇ.

ಶುರು ಮಾಡುವ ಮೊದಲು

ಒಂದು ನೋಟ್‌ಬುಕ್ ಬೇಕು. ಫೋನಿನಲ್ಲೂ ಬರೆಯಬಹುದು, ಆದರೆ ಅಡ್ಡ ಪುಟದಲ್ಲಿ ಕಂಬ ಎಳೆದು ಬರೆದರೆ ಕಣ್ಣಿಗೆ ಕಾಣುವುದು ಜಾಸ್ತಿ.

ನಿಘಂಟುಗಳ ವಿಷಯಕ್ಕೆ ಬಂದರೆ, ಕನ್ನಡಕ್ಕೆ ಕಿಟ್ಟೆಲ್ ಅವರ 1894ರ ನಿಘಂಟು ಇವತ್ತಿಗೂ ಕೈಬಿಡಬಾರದ್ದು. ಹಳಗನ್ನಡದ ರೂಪ ಬೇಕಾದಾಗ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ನೋಡಿ. ದ್ರಾವಿಡ ಭಾಷೆಗಳನ್ನೆಲ್ಲ ಒಟ್ಟಿಗೆ ನೋಡಲು ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೋ ಸೇರಿ ಮಾಡಿದ ದ್ರಾವಿಡ ಪದಮೂಲ ನಿಘಂಟು ಇದೆ. ಮೊದಲು ಬಂದದ್ದು 1961ರಲ್ಲಿ, ತಿದ್ದಿದ ಎರಡನೇ ಆವೃತ್ತಿ 1984ರಲ್ಲಿ. ಇದನ್ನು ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಹುಡುಕಬಹುದು.

ಮೊದಲ ಸಲಕ್ಕೆ ಪದ ಆರಿಸುವಾಗ ಅಮ್ಮ, ಅಪ್ಪ, ಪಾಪ ಇಂಥವನ್ನು ಬಿಡಿ. ಮಕ್ಕಳ ಬಾಯಲ್ಲಿ ಮೊದಲು ಬರುವುದೇ ಮ, ಪ, ಬ, ತ. ಹಾಗಾಗಿ ಇಂಥ ಪದಗಳು ಲೋಕದ ತುಂಬ ಒಂದೇ ಥರ ಇರುತ್ತವೆ, ಅವುಗಳಿಂದ ನಂಟು ತಿಳಿಯುವುದಿಲ್ಲ. ಜಾರ್ಜಿಯನ್ ಭಾಷೆಯಲ್ಲಿ 'ಮಾಮಾ' ಅಂದರೆ ಅಪ್ಪ!

ಹೆಜ್ಜೆ 1: ಕಿವಿಯಿಂದ ಶುರು ಮಾಡಿ

ಪದವನ್ನು ರೋಮನ್ ಲಿಪಿಯಲ್ಲಿ ಓದಿ ತೀರ್ಮಾನಕ್ಕೆ ಬರಬೇಡಿ. 'ni' ಎಂಬ ಎರಡು ಅಕ್ಷರಗಳಲ್ಲಿ ನಮ್ಮ ನಿ, ನೀ, ಣಿ, ಣೀ ನಾಲ್ಕೂ ಒಂದೇ ಆಗಿಬಿಡುತ್ತವೆ. ನಮಗೆ 'ಹಳ್ಳಿ' ಬೇರೆ, 'ಹಲ್ಲಿ' ಬೇರೆ ಅಲ್ವಾ? ಬೇರೆ ಭಾಷೆಯವರಿಗೂ ಅವರವರ ವ್ಯತ್ಯಾಸಗಳು ಅಷ್ಟೇ ದೊಡ್ಡವು.

ಮ್ಯಾಂಡರಿನ್‌ನಲ್ಲಿ ಸ್ವರದ ಏರಿಳಿತವೇ ಪದವನ್ನು ಬದಲಿಸುತ್ತದೆ. ದನಿ ತಗ್ಗಿಸಿ ಮತ್ತೆ ಎತ್ತಿದರೆ 'ನೀ' ಅಂದರೆ ನೀನು. ಪ್ರಶ್ನೆ ಕೇಳುವ ಹಾಗೆ ದನಿ ಏರಿಸಿದರೆ ಕೆಸರು. ಗದರಿಸುವ ಹಾಗೆ ಇಳಿಸಿದರೆ ವಿರುದ್ಧ, ಎದುರು ಎಂಬ ಅರ್ಥ. ನಾವು ಕೇಳಿಸಿಕೊಂಡದ್ದು ಒಂದು 'ನೀ', ಅವರಿಗೆ ಅವು ಮೂರು ಬೇರೆ ಪದ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಕಂಬದಲ್ಲಿ ಪದದ ಜೊತೆ ಉದ್ದವೋ ಗಿಡ್ಡವೋ, ದನಿ ಏರುತ್ತದೋ ಇಳಿಯುತ್ತದೋ ಅಂತ ಬರೆಯಿರಿ. ಸಾಧ್ಯವಾದರೆ ಆ ಭಾಷೆಯವರ ಧ್ವನಿಮುದ್ರಣ ಹುಡುಕಿ ಕೇಳಿ.

ಹೆಜ್ಜೆ 2: ಪಟ್ಟಿ ಮಾಡಿ, ಜಾತಕದ ಜೊತೆ

ಬರೀ ಪದ ಮತ್ತು ಅರ್ಥ ಬರೆದರೆ ಸಾಲದು. ಭಾಷೆ ಯಾವುದು, ಯಾವ ಕುಟುಂಬದ್ದು, ಎಲ್ಲಿ ಆಡುತ್ತಾರೆ, ವಾಕ್ಯದಲ್ಲಿ ಆ ಪದದ ಕೆಲಸ ಏನು, ಇವಿಷ್ಟೂ ಬೇಕು.

ನನ್ನ ಪಟ್ಟಿ ಹೀಗೆ ಬೆಳೆಯಿತು. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಗೆ ಬಂಧುಗಳೇ ಇಲ್ಲ. ಅಲ್ಲಿ 'ನಿ' ಅಂದರೆ ನಾನು! ನೈಜೀರಿಯಾ, ನೈಜರ್ ಕಡೆಯ ಹೌಸಾದಲ್ಲೂ 'ನಿ' ಅಂದರೆ ನಾನು. ವೇಲ್ಸ್ ನಾಡಿನ ವೆಲ್ಷ್‌ನಲ್ಲಿ ನಾವು. ಅಮೆರಿಕದ ಮೂಲನಿವಾಸಿಗಳ ನವಾಹೋ ಭಾಷೆಯಲ್ಲಿ ನೀನು. ಸ್ವೀಡಿಷ್‌ನಲ್ಲಿ ನೀವು. ಸ್ಪ್ಯಾನಿಷ್ ಮತ್ತು ಫ್ರೆಂಚ್‌ನಲ್ಲಿ 'ಅದೂ ಅಲ್ಲ, ಇದೂ ಅಲ್ಲ' ಅನ್ನುವಾಗ ಬರುವ 'ಅಲ್ಲ'. ಜಪಾನೀಯಲ್ಲಿ ಎರಡು ಎಂಬ ಸಂಖ್ಯೆ. ಅದೇ ಜಪಾನೀಯಲ್ಲಿ ನಮ್ಮ 'ಅಲ್ಲಿ', 'ಗೆ' ಮಾಡುವ ಕೆಲಸದ ಪ್ರತ್ಯಯವೂ 'ನಿ'. ಸಂಸ್ಕೃತದಲ್ಲಿ 'ಕೆಳಗೆ, ಒಳಗೆ' ಎಂಬ ಅರ್ಥದ ಉಪಸರ್ಗ. ಸಂಗೀತದಲ್ಲಿ ನಿಷಾದ ಸ್ವರ. ಪೂರ್ವ ಆಫ್ರಿಕಾದ ಕಿಸ್ವಾಹಿಲಿಯಲ್ಲಿ ಒಂದಲ್ಲ, ಕನಿಷ್ಠ ಮೂರು.

ಇಲ್ಲಿ ನನಗೆ ಎದ್ದು ಕಂಡದ್ದು ಒಂದು ಸಂಗತಿ. 'ನೀನು' ಅನ್ನುವ ಅರ್ಥಕ್ಕೇ ಕನ್ನಡ, ಮ್ಯಾಂಡರಿನ್, ನವಾಹೋ ಮೂರು ಕಡೆ 'ನಿ, ನೀ' ಸಿಕ್ಕಿತು, ಸ್ವೀಡಿಷ್‌ನ 'ನೀವು' ಬೇರೆ. ವಾಟ್ಸಾಪ್ ಸಂದೇಶ ಬರೆದವರು ಚೀನಾ ಒಂದನ್ನೇ ನೋಡಿ ನಿಲ್ಲಿಸಿದ್ದರು. ಪಟ್ಟಿ ಉದ್ದವಾದಷ್ಟೂ 'ಅಬ್ಬಾ' ಅನ್ನಿಸುವುದು ಕಡಿಮೆಯಾಗಿ, 'ಹೀಗೂ ಆಗುತ್ತದಾ?' ಎಂಬ ಪ್ರಶ್ನೆ ಹುಟ್ಟುತ್ತದೆ.

ಹೆಜ್ಜೆ 3: ಪದವನ್ನು ಬಿಡಿಸಿ

ನಿಮಗೆ ಸಿಕ್ಕಿದ್ದು ಇಡೀ ಪದವೋ, ಒಂದು ಪದದ ತುಂಡೋ? ಕಿಸ್ವಾಹಿಲಿಯ 'ನಿನಾಕುಪೆಂಡಾ' ನೋಡಿ. ನಾನು ನಿನ್ನನ್ನು ಪ್ರೀತಿಸುತ್ತೇನೆ ಅಂತ ಅರ್ಥ. ಮೊದಲ 'ನಿ' ಅಂದರೆ ನಾನು, 'ನಾ' ಈಗಿನ ಕಾಲ ತೋರಿಸುತ್ತದೆ, 'ಕು' ಅಂದರೆ ನಿನ್ನನ್ನು, 'ಪೆಂಡಾ' ಪ್ರೀತಿಸು. ಈ 'ನಿ' ಒಂಟಿಯಾಗಿ ನಿಲ್ಲದ ತುಂಡು. 'ಮಿಮಿ ನಿ ಮ್ವಾಲಿಮು', ನಾನು ಶಿಕ್ಷಕ, ಅನ್ನುವಾಗ ಬರುವ 'ನಿ' ಬೇರೆಯೇ, ಅದು 'ಆಗಿದ್ದೇನೆ' ಎಂಬಂಥ ಪದ. 'ನ್ಯುಂಬಾ' ಅಂದರೆ ಮನೆ, 'ನ್ಯುಂಬಾನಿ' ಅಂದರೆ ಮನೆಯಲ್ಲಿ. ಈ ಕೊನೆಯ 'ನಿ' ನಮ್ಮ 'ಅಲ್ಲಿ' ಇದ್ದ ಹಾಗೆ. ಮೂರನ್ನೂ ಒಂದೇ ಡಬ್ಬಕ್ಕೆ ಹಾಕಿದರೆ ಲೆಕ್ಕ ಕೆಡುತ್ತದೆ.

ನಮ್ಮದನ್ನೂ ಬಿಡಿಸಬೇಕು. 'ನೀನು' ಪದದ ಕೊನೆಯ ಉಕಾರ ಆಮೇಲೆ ಸೇರಿದ್ದು. ಹಳಗನ್ನಡದಲ್ಲಿ ಒಬ್ಬರಿಗೆ 'ನೀನ್', ಹಲವರಿಗೆ 'ನೀಮ್'. 'ಆನ್' ಅಂದರೆ ನಾನು, 'ಆಮ್' ಅಂದರೆ ನಾವು. 'ತಾನ್', 'ತಾಮ್' ಕೂಡ ಹೀಗೇ. ಅಂದರೆ ಕೊನೆಯ 'ನ್' ಒಬ್ಬರನ್ನು, 'ಮ್' ಹಲವರನ್ನು ತೋರಿಸುತ್ತದೆ. ಈ ಗುಟ್ಟನ್ನು ಪುಟದ ಮೂಲೆಯಲ್ಲಿ ದೊಡ್ಡದಾಗಿ ಬರೆದಿಡಿ. ಮುಂದೆ ತೀರ್ಪು ಕೊಡುವುದು ಇದೇ.

ಹೆಜ್ಜೆ 4: ಮೊದಲು ಅಕ್ಕತಂಗಿಯರನ್ನು ಕೇಳಿ

ದೂರದ ಚೀನಾಕ್ಕೆ ಹಾರುವ ಮೊದಲು ಪಕ್ಕದ ಮನೆಗೆ ಹೋಗಿ. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಹೆಜ್ಜೆ ಇದು.

ತಮಿಳು, ಮಲಯಾಳಂ ಎರಡರಲ್ಲೂ 'ನೀ'. ತೆಲುಗಿನಲ್ಲಿ 'ನೀವು', ಆಡುಮಾತಿನಲ್ಲಿ 'ನುವ್ವು'. ಇಲ್ಲಿ ಎಚ್ಚರ: ತೆಲುಗಿನ 'ನೀವು' ಒಬ್ಬರಿಗೆ ಹೇಳುವ 'ನೀನು'. ಗೌರವಕ್ಕೆ ಅವರು 'ಮೀರು' ಅನ್ನುತ್ತಾರೆ. ಅಕ್ಷರ ಅದೇ ಇದ್ದರೂ ಮರ್ಯಾದೆ ಬೇರೆ. 'ನಿನ್ನ ಹೆಸರು' ಅನ್ನುವುದಕ್ಕೆ ತೆಲುಗಿನಲ್ಲಿ 'ನೀ ಪೇರು'.

ಈಗ ತುಳು. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಕೂತು ಕಿವಿಗೊಟ್ಟರೆ ಸಾಕು. 'ಈ ಓಡೆ ಪೋಪ?' ಅಂದರೆ ನೀನು ಎಲ್ಲಿಗೆ ಹೋಗ್ತೀಯ. ತುಳುವಿನಲ್ಲಿ ನೀನು ಅಂದರೆ 'ಈ', ಗೌರವಕ್ಕೆ 'ಈರ್'. ನಕಾರವೇ ಇಲ್ಲ! ಹಾಗಾದರೆ ಇದು ಬೇರೆ ಪದವಾ? ಅವಸರ ಬೇಡ. ಅದೇ ತುಳುವರು ಹೆಸರು ಕೇಳುವಾಗ 'ನಿನ್ನ ಪುದರ್ ದಾನೆ?' ಅನ್ನುತ್ತಾರೆ. 'ನಿನ್ನ'! ಕಳೆದುಹೋದ ನಕಾರ ಅಲ್ಲಿ ಅವಿತು ಕೂತಿದೆ. ಒಂದು ರೂಪದಲ್ಲಿ ಉದುರಿದ್ದು ಇನ್ನೊಂದು ರೂಪದಲ್ಲಿ ಉಳಿದಿರುತ್ತದೆ. ಹಾಗಾಗಿ ಯಾವ ಪದವನ್ನೂ ಒಂದೇ ವಿಭಕ್ತಿಯಲ್ಲಿ ನೋಡಬೇಡಿ. ನೀನು, ನಿನ್ನ, ನಿನಗೆ, ನಿನ್ನಿಂದ ಅಂತ ಪೂರ್ತಿ ತಿರುಗಿಸಿ ನೋಡಿ.

ಇನ್ನೂ ದೂರ ಹೋಗೋಣ. ಜಾರ್ಖಂಡ್, ಛತ್ತೀಸಗಢದ ಕುರುಖ್ ಮಾತಾಡುವವರು ಒಬ್ಬರಿಗೆ 'ನೀನ್', ಹಲವರಿಗೆ 'ನೀಮ್' ಅನ್ನುತ್ತಾರೆ. ಹಳಗನ್ನಡದ್ದೇ ಜೋಡಿ, ಅದೇ 'ನ್', ಅದೇ 'ಮ್'! ಕುರುಖ್ ಜನ ಪಂಪನನ್ನು ಓದಿದವರಲ್ಲ, ನಾವು ಅವರ ಹಾಡು ಕೇಳಿದವರಲ್ಲ. ನೂರಾರು ಮೈಲಿ ದೂರದಲ್ಲಿ ಈ ಜೋಡಿ ಉಳಿದುಕೊಂಡಿರುವುದು ಒಂದೇ ತಾಯಿಯ ಕಾರಣಕ್ಕೆ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹುಯಿ ಮಾತಾಡುತ್ತಾರೆ, ಅದೂ ದ್ರಾವಿಡ ಭಾಷೆಯೇ. ಅಲ್ಲಿಯೂ 'ನೀ' ಅಂದರೆ ನೀನು.

ಆದರೆ ಬ್ರಾಹುಯಿಯಲ್ಲಿ 'ಈ' ಅಂದರೆ ನಾನು. ತುಳುವಿನ 'ಈ' ನೀನು, ಬ್ರಾಹುಯಿಯ 'ಈ' ನಾನು. ಒಂದೇ ಕುಟುಂಬದ ಒಳಗೇ ಸದ್ದು ನಂಬಿದರೆ ಹೀಗೆ ಅಡಿಮೇಲಾಗುತ್ತದೆ. ಮತ್ತೆ ಕುಟುಂಬದ ಹೊರಗೆ ಹೇಳಬೇಕಾ?

ಹೆಜ್ಜೆ 5: ಪ್ರತಿ ಪದವನ್ನೂ ಅದರದೇ ದಾರಿಯಲ್ಲಿ ಹಿಂದಕ್ಕೆ ನಡೆಸಿ

ಇವತ್ತಿನ ರೂಪವನ್ನು ಇವತ್ತಿನ ರೂಪದ ಜೊತೆ ಹೋಲಿಸಬಾರದು. ನಮ್ಮ 'ಹಾಲು' ಒಂದು ಕಾಲಕ್ಕೆ 'ಪಾಲ್' ಆಗಿತ್ತು, 'ಹೂ' 'ಪೂ' ಆಗಿತ್ತು. 'ಹ' ಇರುವ ಕನ್ನಡ ಪದವನ್ನು ಹೊರಗಿನ ಯಾವುದೋ 'ಹ' ಪದಕ್ಕೆ ಹೊಂದಿಸುವ ಮೊದಲು ಇದನ್ನು ನೆನಪಿಡಬೇಕು. ಹಾಗೇ ಪ್ರತಿ ಭಾಷೆಯ ಪದವನ್ನೂ ಸಿಗುವಷ್ಟು ಹಿಂದಕ್ಕೆ ಒಯ್ಯಿರಿ.

ಸ್ವೀಡಿಷ್ 'ನಿ' ಕಥೆ ಕೇಳಿ. ಹಿಂದೆ ಅದು ಬರೀ 'ಈ' ಆಗಿತ್ತು. ಆಗಿನ ಕ್ರಿಯಾಪದ 'ನೀವು' ಎಂಬುದಕ್ಕೆ ಹೊಂದುವಾಗ 'ನ್' ಇಂದ ಮುಗಿಯುತ್ತಿತ್ತು. 'ನಿಮ್ಮ ಬಳಿ ಇದೆಯೇ' ಅನ್ನುವಂಥ ಕಡೆ 'ಹಾವೆನ್ ಈ' ಅನ್ನುತ್ತಿದ್ದರು. ಬೇಗ ಬೇಗ ಹೇಳಿ ನೋಡಿ: ಹಾವೆನ್ ಈ, ಹಾವೆನೀ, ಹಾವೆ ನೀ. ಕೇಳುವವರಿಗೆ ಆ 'ನ್' ಕ್ರಿಯಾಪದದ ಬಾಲವೋ ಮುಂದಿನ ಪದದ ತಲೆಯೋ ಗೊತ್ತಾಗದೆ, ನಿಧಾನಕ್ಕೆ ಅದು ಮುಂದಕ್ಕೆ ಅಂಟಿಕೊಂಡಿತು. ಹೀಗೆ 'ಈ' ಹೋಗಿ 'ನಿ' ಆಯಿತು. ತುಳುವಿನಲ್ಲಿ ನಕಾರ ಉದುರಿ 'ನೀ' ಎಂಬುದು 'ಈ' ಆದರೆ, ಸ್ವೀಡನ್ನಿನಲ್ಲಿ ನಕಾರ ಅಂಟಿ 'ಈ' ಎಂಬುದು 'ನಿ' ಆಯಿತು. ಇಂಗ್ಲಿಷಿನ ಹಳೆಯ 'ಯೀ', ಜರ್ಮನ್ 'ಈರ್' ಈ ಸ್ವೀಡಿಷ್ ಪದದ ಸೋದರರು. ಕನ್ನಡದ 'ನೀ' ಜೊತೆ ಅದಕ್ಕೆ ಏನೇನೂ ಸಂಬಂಧವಿಲ್ಲ.

ಸ್ಪ್ಯಾನಿಷ್ 'ನಿ' ಲ್ಯಾಟಿನ್‌ನ 'ನೆಕ್' ಇಂದ ಬಂದದ್ದು. 'ನೆಕ್' ಅಂದರೆ 'ನೆ' ಮತ್ತು 'ಕ್ವೆ' ಕೂಡಿದ್ದು: 'ಅಲ್ಲ' ಮತ್ತು 'ಊ'. ಸಂಸ್ಕೃತದ 'ನ ಚ' ನೆನಪಾಯಿತಾ? ಲ್ಯಾಟಿನ್ 'ನೆ', ಸಂಸ್ಕೃತ 'ನ' ಒಂದೇ ಮೂಲದವು, 'ಕ್ವೆ' ಮತ್ತು 'ಚ' ಕೂಡ ಒಂದೇ ಮೂಲದವು. ಮ್ಯಾಡ್ರಿಡ್‌ನಲ್ಲಿ ಯಾರೋ 'ನಿ' ಅಂದಾಗ ನಮ್ಮ ಸಂಸ್ಕೃತ ಶ್ಲೋಕಗಳ 'ನ ಚ' ಎಂಬುದರ ಸೋದರ ಪದವೇ ಅವರ ಬಾಯಲ್ಲಿದೆ. ಸದ್ದು ಬೇರೆ, ಬಂಧುತ್ವ ಗಟ್ಟಿ.

ಚೀನಾಕ್ಕೆ ಬಂದೆವು. ಮ್ಯಾಂಡರಿನ್ 'ನೀ' ಪದದ ಹಿಂದಿನ ರೂಪ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ 'ಞೆ' ಎಂಬಂತೆ ಇತ್ತು. ಪುಸ್ತಕ ಓದುವ ಉಚ್ಚಾರದಲ್ಲಿ ಆ 'ಞ' ಸವೆದು ಹೋಗಿ ಇವತ್ತು 'ಅರ್' ಆಗಿದೆ. ಜನರ ಬಾಯಲ್ಲಿ ಮಾತ್ರ 'ನ' ಉಳಿಯಿತು. ಹೀಗೆ ಉಳಿದ ಆಡುರೂಪಕ್ಕೆ ಮನುಷ್ಯನ ಗುರುತು ಸೇರಿಸಿ ಬೇರೆ ಅಕ್ಷರವನ್ನೇ ಮಾಡಿಕೊಂಡರು.

ಇದು ನಿಜವಾ ಅಂತ ಹೇಗೆ ನಂಬುವುದು? ಜಪಾನನ್ನು ಕೇಳಿ. ಜಪಾನಿಗಳು 'ಎರಡು' ಎಂಬ ಪದವನ್ನು ಚೀನೀಯರಿಂದ ತೆಗೆದುಕೊಂಡಾಗ ಅದು ಇನ್ನೂ 'ಞಿ' ಥರ ಇತ್ತು, ಅವರ ಬಾಯಲ್ಲಿ 'ನಿ' ಆಗಿ ನಿಂತಿತು. ಚೀನಾದಲ್ಲಿ ಅದೇ ಎರಡು ಇವತ್ತು 'ಅರ್'. ಸೂರ್ಯ, ದಿನ ಎಂಬ ಪದ ಜಪಾನೀಯಲ್ಲಿ 'ನಿಚಿ', ಚೀನೀಯಲ್ಲಿ 'ರ್' ಎಂಬಂಥ ಸದ್ದು. ಜಪಾನಿಗಳು ತಮ್ಮ ದೇಶವನ್ನು 'ನಿಪ್ಪೋನ್' ಅನ್ನುತ್ತಾರೆ, ಚೀನೀಯರು ಅದನ್ನು 'ರಿಬೆನ್' ಅನ್ನುತ್ತಾರೆ. ಬರೆಯುವ ಅಕ್ಷರಗಳು ಮಾತ್ರ ಅವೇ. ಜಪಾನೀಯ 'ನ' ಇದ್ದಲ್ಲಿ ಚೀನೀಯ 'ರ' ಹೀಗೆ ಸಾಲುಸಾಲಾಗಿ ಸಿಗುತ್ತದೆ. ಒಂದೇ ರೀತಿಯಲ್ಲಿ, ಮತ್ತೆ ಮತ್ತೆ ಕಾಣುವ ಈ ವ್ಯತ್ಯಾಸವೇ ಸಾಕ್ಷಿ. ನಮ್ಮಲ್ಲಿ 'ಹ' ಇದ್ದಲ್ಲೆಲ್ಲ ತಮಿಳಿನಲ್ಲಿ 'ಪ' ಸಿಗುವ ಹಾಗೆ: ಹಲ್ಲು–ಪಲ್, ಹುಲಿ–ಪುಲಿ, ಹತ್ತು–ಪತ್ತು. ಬಂಧುಗಳು ಒಂದೇ ಥರ ಕಾಣುವುದಕ್ಕಿಂತ ಒಂದೇ ಕ್ರಮದಲ್ಲಿ ಬೇರೆಯಾಗಿರುತ್ತಾರೆ.

ಹೆಜ್ಜೆ 6: ಸಾಲಿನ ಪರೀಕ್ಷೆ

ಈಗ ಕನ್ನಡ ಮತ್ತು ಮ್ಯಾಂಡರಿನ್ ಎದುರಾಬದುರು. ಒಂಟಿ ಪದ ಬೇಡ, ಇಡೀ ಸಾಲನ್ನು ತನ್ನಿ.

ಕನ್ನಡ: ನಾನು–ನನ್ನ, ನಾವು–ನಮ್ಮ, ನೀನು–ನಿನ್ನ, ನೀವು–ನಿಮ್ಮ, ತಾನು–ತನ್ನ. ಕರ್ತೃವಾದಾಗ ದೀರ್ಘ, ಉಳಿದ ಕಡೆ ಹ್ರಸ್ವ. ಒಬ್ಬರಾದರೆ 'ನ', ಹಲವರಾದರೆ 'ಮ'. ಜೋರಾಗಿ ಓದಿದರೆ ತಾಳ ಹಾಕಿದ ಹಾಗೆ ಕೇಳುತ್ತದೆ.

ಮ್ಯಾಂಡರಿನ್: ನಾನು 'ವೋ', ನನ್ನ 'ವೋ ದ', ನಾವು 'ವೋಮೆನ್'. ನೀನು 'ನೀ', ನಿನ್ನ 'ನೀ ದ', ನೀವು 'ನೀಮೆನ್'. ಒಳಗೆ ಸ್ವರ ಬದಲಾಗುವುದಿಲ್ಲ, ಹೊರಗಿನಿಂದ ತುಂಡು ಅಂಟುತ್ತದೆ ಅಷ್ಟೇ. 'ನಾನು' ಎಂಬುದಕ್ಕೂ 'ವೋ' ಎಂಬುದಕ್ಕೂ ಯಾವ ಹೋಲಿಕೆಯೂ ಇಲ್ಲ. ಸಾಲು ಕೂಡಲಿಲ್ಲ.

ಇಲ್ಲಿ ಒಂದು ಆಸೆ ಹುಟ್ಟಿಸುವ ಬಲೆ ಇದೆ. ಮ್ಯಾಂಡರಿನ್‌ನಲ್ಲಿ 'ನೀನ್' ಎಂಬ ಇನ್ನೊಂದು ಪದವೂ ಇದೆ, ಅರ್ಥ 'ತಾವು'. ನಮ್ಮ ಹಳಗನ್ನಡದ 'ನೀನ್' ಕಣ್ಣೆದುರು ಬಂದೇ ಬರುತ್ತದೆ. ಆದರೆ ನಮ್ಮಲ್ಲಿ ಆ 'ನ್' ಒಬ್ಬನೇ ಅನ್ನುವುದರ ಗುರುತು, ಸಲಿಗೆಯ ಪದ. ಬೀಜಿಂಗ್‌ನಲ್ಲಿ ಅದು ಹಿರಿಯರಿಗೆ ಕೊಡುವ ಗೌರವದ ಪದ, ಅಲ್ಲಿ ಅದಕ್ಕೆ ಜೋಡಿಯಾಗಿ 'ಮ್' ಇರುವ ರೂಪ ಇಲ್ಲ. ಕುರುಖ್ ಜೊತೆ ಹೊಂದಿದ್ದು ಜೋಡಿ ಸಮೇತ, ಚೀನೀ ಜೊತೆ ಹೊಂದಿದ್ದು ಒಂಟಿ ಸದ್ದು. ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ ಅರ್ಧ ಭಾಷಾವಿಜ್ಞಾನ ಕಲಿತ ಹಾಗೆಯೇ.

ಹೆಜ್ಜೆ 7: ಆಕಸ್ಮಿಕದ ಲೆಕ್ಕ ಹಾಕಿ

'ಅಷ್ಟೊಂದು ಭಾಷೆಗಳಲ್ಲಿ ಸುಮ್ನೆ ಹೀಗೆ ಹೊಂದುತ್ತದಾ?' ಅಂತ ಯಾರಾದರೂ ಕೇಳುತ್ತಾರೆ. ಪೆನ್ನು ತೆಗೆದುಕೊಳ್ಳಿ. ಒಂದು ಭಾಷೆಯಲ್ಲಿ 15 ವ್ಯಂಜನ, 5 ಸ್ವರ ಇವೆ ಅಂದುಕೊಳ್ಳೋಣ. ಒಂದು ವ್ಯಂಜನ, ಒಂದು ಸ್ವರ ಸೇರಿದ ಸದ್ದುಗಳು 75. 'ನೀನು' ಎಂಬ ಅರ್ಥಕ್ಕೆ ಅದರಲ್ಲಿ ಯಾವುದಾದರೂ ಒಂದನ್ನು ಕಣ್ಣು ಮುಚ್ಚಿ ಆರಿಸಿದರೆ 'ನಿ' ಬರುವ ಸಾಧ್ಯತೆ 75ರಲ್ಲಿ 1. ಲೋಕದಲ್ಲಿ ಸುಮಾರು 7,000 ಭಾಷೆಗಳಿವೆ. 7,000ವನ್ನು 75ರಿಂದ ಭಾಗಿಸಿ: 93. ಯಾವ ನಂಟೂ ಇಲ್ಲದೆ 90ಕ್ಕೂ ಹೆಚ್ಚು ಭಾಷೆಗಳಲ್ಲಿ ಇದು ಹೊಂದಬೇಕು.

ಇದು ಒರಟು ಲೆಕ್ಕ. ಎಲ್ಲ ಭಾಷೆಯೂ ಒಂದಕ್ಷರದ ಪದ ಆರಿಸುವುದಿಲ್ಲ, ನಿಜ. ಆದರೆ ನಕಾರ ಮತ್ತು ಇಕಾರ ಹೆಚ್ಚುಕಡಿಮೆ ಎಲ್ಲ ಭಾಷೆಗಳಲ್ಲೂ ಇರುವ ಸದ್ದುಗಳು. ದಿನಕ್ಕೆ ನೂರು ಸಲ ಬಳಸುವ ನಾನು, ನೀನು ಥರದ ಪದಗಳು ಎಲ್ಲ ಕಡೆ ಗಿಡ್ಡವಾಗಿರುತ್ತವೆ. ಹಾಗಾಗಿ ಪದ ಗಿಡ್ಡವಾದಷ್ಟೂ ಹೋಲಿಕೆಗೆ ಬೆಲೆ ಕಡಿಮೆ. ನಾಲ್ಕು ಅಕ್ಷರದ ಪದ ಹೊಂದಿದರೆ ಕಿವಿ ನಿಮಿರಿಸಿ, ಒಂದು ಅಕ್ಷರ ಹೊಂದಿದರೆ ನೋಟ್‌ಬುಕ್ಕಿನಲ್ಲಿ ಬರೆದು ಮುಂದೆ ಹೋಗಿ.

ಗಿಡ್ಡ ಪದಗಳಲ್ಲದೆ ಇನ್ನೂ ಸ್ವಲ್ಪ ಉದ್ದದವೂ ಮೋಸ ಮಾಡುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಎಂಬಾಬಾರಾಮ್ ಭಾಷೆಯಲ್ಲಿ ನಾಯಿಗೆ 'ಡಾಗ್'! ಇಂಗ್ಲಿಷಿನಿಂದ ಬಂದದ್ದಲ್ಲ. ಆ ಭಾಷೆಯನ್ನು ದಾಖಲಿಸಿದ ಆರ್. ಎಂ. ಡಬ್ಲ್ಯೂ. ಡಿಕ್ಸನ್ ತೋರಿಸಿದ ಹಾಗೆ ಅದು 'ಗುಡಗ' ಎಂಬ ಹಳೆಯ ಪದ ಸವೆದು ಉಳಿದ ರೂಪ. ಹತ್ತಿರದ ಯಿಡಿನ್ ಭಾಷೆಯಲ್ಲಿ 'ಗುಡಗ' ಹಾಗೆಯೇ ಇದೆ.

ಹೆಜ್ಜೆ 8: ಪ್ರಯಾಣ ಮಾಡಿದ ಪದಗಳನ್ನು ಬೇರೆ ಹುಡುಕಿ

ಬಂಧುತ್ವ ಇಲ್ಲದ ಭಾಷೆಗಳ ನಡುವೆಯೂ ಪದಗಳು ಓಡಾಡುತ್ತವೆ. ವ್ಯಾಪಾರ, ಧರ್ಮ, ಆಳ್ವಿಕೆ, ಮದುವೆ, ಏನೋ ಒಂದು ಸೇತುವೆ ಇರಬೇಕು. ಪದ ದಾಟಿತು ಅನ್ನುವ ಮೊದಲು ಸೇತುವೆ ತೋರಿಸಿ.

ನನ್ನ ಹುಡುಕಾಟದಲ್ಲಿ ಮನಸ್ಸು ತುಂಬಿ ಬಂದದ್ದು ಇಲ್ಲಿ. ಚೀನೀ ಭಾಷೆಗೆ ಭಾರತದಿಂದ ನಿಜವಾಗಿ ಹೋದ ಒಂದು 'ನೀ' ಇದೆ. ಬೌದ್ಧ ಧರ್ಮ ಚೀನಾಕ್ಕೆ ಹೋದಾಗ 'ಭಿಕ್ಷುಣಿ' ಎಂಬ ಪದವನ್ನು ಅವರು ಸದ್ದಿಗೆ ಸದ್ದು ಹೊಂದಿಸಿ 'ಬಿ-ಚಿಯು-ನಿ' ಎಂದು ಮೂರು ಅಕ್ಷರಗಳಲ್ಲಿ ಬರೆದುಕೊಂಡರು. ಅದು ಉದ್ದವಾಯಿತು ಅಂತ ಕೊನೆಯ ಅಕ್ಷರವನ್ನೇ ಉಳಿಸಿಕೊಂಡರು. ಇವತ್ತು ಚೀನೀಯಲ್ಲಿ ದನಿ ಏರಿಸಿ 'ನಿ' ಅಂದರೆ ಬೌದ್ಧ ಸನ್ಯಾಸಿನಿ. ನಮ್ಮ ಗೃಹಿಣಿ, ಯೋಗಿನಿ, ಭಿಕ್ಷುಣಿ ಪದಗಳ ಬಾಲದಲ್ಲಿ ಬರುವ ಆ ಹೆಣ್ಣು ಗುರುತು ಹಿಮಾಲಯದ ಆಚೆ ಒಂದು ಸ್ವತಂತ್ರ ಪದವಾಗಿ ಬಾಳುತ್ತಿದೆ. ವಾಟ್ಸಾಪ್ ಸಂದೇಶದಲ್ಲಿ ಈ ಮಾತು ಇರಲಿಲ್ಲ.

ಸಂಸ್ಕೃತದ ಉಪಸರ್ಗ 'ನಿ' ಇನ್ನೊಂದು ದೊಡ್ಡ ಕಥೆ, ಆದರೆ ಅದು ಪ್ರಯಾಣದ್ದಲ್ಲ, ರಕ್ತಸಂಬಂಧದ್ದು. 'ನಿ' ಅಂದರೆ ಕೆಳಗೆ, 'ಸದ್' ಅಂದರೆ ಕೂರು. 'ಉಪನಿಷತ್' ಪದದ ನಡುವೆ ಇರುವುದು ಇದೇ 'ನಿ'. ಕೂತುಕೊಳ್ಳುವ ಜಾಗ ಎಂಬ ಅರ್ಥದಲ್ಲಿ ಈ ಎರಡು ಬೇರುಗಳಿಂದಲೇ ಹಕ್ಕಿಗೂಡಿಗೆ 'ನೀಡ' ಎಂಬ ಪದ ಬಂತು. ಇಂಗ್ಲಿಷಿನ 'ನೆಸ್ಟ್', ಲ್ಯಾಟಿನ್‌ನ 'ನೀಡುಸ್' ಇದೇ ಗೂಡಿನ ಮರಿಗಳು. ಆದರೆ ಕನ್ನಡದ 'ನೀಡು', ಕೈ ನೀಡು, ಅನ್ನ ನೀಡು, ಇದಕ್ಕೂ ಆ 'ನೀಡ' ಪದಕ್ಕೂ ನಂಟಿಲ್ಲ. ನಮ್ಮದು ಚಾಚು, ಉದ್ದವಾಗು ಎಂಬ ಅರ್ಥದ ದ್ರಾವಿಡ ಪದ.

ಸೇತುವೆ ಇದ್ದ ಮಾತ್ರಕ್ಕೆ ಎಲ್ಲವೂ ದಾಟಿತು ಎನ್ನಲೂ ಬಾರದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಒಂದು ಗ್ರೀಕ್ ಪ್ರಹಸನದ ಪಪೈರಸ್ 1903ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾರತದ ಕರಾವಳಿಯ ಪಾತ್ರಗಳು ಗ್ರೀಕ್ ಅಲ್ಲದ ಮಾತಾಡುತ್ತವೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಶ್ ಹೇಳಿದರು. ಆಮೇಲೆ ತುಳು ಎಂಬ ವಾದವೂ ಬಂತು, ಎರಡನ್ನೂ ಒಪ್ಪದವರೂ ಇದ್ದಾರೆ. ಪಶ್ಚಿಮ ಕರಾವಳಿಗೂ ರೋಮನ್ ಈಜಿಪ್ಟಿಗೂ ವ್ಯಾಪಾರ ಇದ್ದದ್ದು ಖಂಡಿತ, ಸೇತುವೆ ಗಟ್ಟಿಯೇ. ಆದರೂ ಸದ್ದನ್ನು ಬೇಕಾದ ಕಡೆ ಕತ್ತರಿಸಿ ಓದಿದರೆ ಯಾವ ಭಾಷೆ ಬೇಕಾದರೂ ಕೇಳಿಸುತ್ತದೆ. ನಮ್ಮ ಭಾಷೆಯ ಮೇಲೆ ಪ್ರೀತಿ ಇರುವುದರಿಂದಲೇ ಇಲ್ಲಿ ನಾವು ಜಾಸ್ತಿ ಹುಷಾರಾಗಿರಬೇಕು.

ಹೆಜ್ಜೆ 9: ಪ್ರತಿ ಪದದ ಮುಂದೆ ತೀರ್ಪು ಬರೆಯಿರಿ

ಕೊನೆಯ ಕಂಬದಲ್ಲಿ ನಾಲ್ಕರಲ್ಲಿ ಒಂದು ಮಾತು: ಬಂಧು, ಎರವಲು, ಕೂಸಿನ ಮಾತು, ಆಕಸ್ಮಿಕ. ಕನ್ನಡಕ್ಕೆ ಹೋಲಿಸಿದಾಗ ತಮಿಳು, ತುಳು, ಕುರುಖ್, ಬ್ರಾಹುಯಿ ಬಂಧು. ಮ್ಯಾಂಡರಿನ್‌ನ ನೀನು, ನವಾಹೋ, ಸ್ವೀಡಿಷ್ ಆಕಸ್ಮಿಕ. ಚೀನೀ ಸನ್ಯಾಸಿನಿ ಸಂಸ್ಕೃತದ ಎರವಲು, ಜಪಾನೀ ಎರಡು ಚೀನೀಯ ಎರವಲು. ತೀರ್ಪಿನ ಪಕ್ಕ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಕಾರಣ ಬರೆಯಲು ಆಗದಿದ್ದರೆ ಜಾಗ ಖಾಲಿ ಬಿಡಿ. ಖಾಲಿ ಜಾಗ ತಪ್ಪಲ್ಲ, ಮುಂದೊಂದು ದಿನ ಯಾವುದೋ ನಿಘಂಟಿನಲ್ಲಿ ಉತ್ತರ ಸಿಕ್ಕಾಗ ತುಂಬಿಸಿದರಾಯಿತು.

ಅಭ್ಯಾಸಕ್ಕೆ ಒಂದು ಪದ: ನೀರು

ಗ್ರೀಸ್‌ಗೆ ಹೋಗಿ ನೀರು ಕೇಳಿದರೆ 'ನೆರೋ' ಅನ್ನುತ್ತಾರೆ. ಕನ್ನಡದ 'ನೀರು', ಗ್ರೀಕಿನ 'ನೆರೋ'. ಮೇಲಿನ ಹೆಜ್ಜೆಗಳನ್ನು ಇಟ್ಟು ನೋಡಿ.

ಅಕ್ಕತಂಗಿಯರು: ತಮಿಳು, ತುಳು, ಮಲಯಾಳಂ 'ನೀರ್', ತೆಲುಗು 'ನೀರು', 'ನೀಳ್ಳು'. ನಮ್ಮ ಕಣ್ಣೀರು, ಪನ್ನೀರಿನಲ್ಲೂ ಅದೇ. ದ್ರಾವಿಡ ಬೇರು ಗಟ್ಟಿ. ಗ್ರೀಕನ್ನು ಹಿಂದಕ್ಕೆ ನಡೆಸಿ: ಹಳೆಯ ಗ್ರೀಕಿನಲ್ಲಿ ನೀರಿಗೆ 'ಹ್ಯುಡೋರ್'. ಹೊಸದಾಗಿ ತಂದ ನೀರಿಗೆ 'ನೆಆರಾನ್ ಹ್ಯುಡೋರ್', ಅಂದರೆ ತಾಜಾ ನೀರು. ಕಾಲ ಕಳೆದ ಹಾಗೆ ಜನ 'ಹ್ಯುಡೋರ್' ಬಿಟ್ಟು 'ತಾಜಾ' ಎಂಬುದನ್ನಷ್ಟೇ ಹೇಳಿದರು, ಅದೇ ಸವೆದು 'ನೆರೋ' ಆಯಿತು. ಅದರ ಬೇರು ಸಂಸ್ಕೃತದ 'ನವ', ಇಂಗ್ಲಿಷಿನ 'ನ್ಯೂ' ಕಡೆಯದು. ತೀರ್ಪು: ಆಕಸ್ಮಿಕ.

ಆದರೆ ಗ್ರೀಕರು ಮಾಡಿದ್ದಕ್ಕೆ ಹತ್ತಿರದ್ದೇ ಒಂದು ಕೆಲಸವನ್ನು ತಮಿಳರೂ ಮಾಡಿದ್ದಾರೆ. 'ತಣ್' ಅಂದರೆ ತಂಪು, 'ತಣ್ಣೀರ್' ಅಂದರೆ ತಣ್ಣೀರು. ನಮ್ಮಲ್ಲಿ ಆ ಪದ ಇವತ್ತಿಗೂ ತಂಪು ನೀರೇ. ತಮಿಳಿನಲ್ಲಿ ಅದು ಸಾಮಾನ್ಯ ನೀರಿಗೇ ಹೆಸರಾಯಿತು. ಹಾಗಾಗಿ ಚೆನ್ನೈನ ಮನೆಗಳಲ್ಲಿ ಸ್ನಾನಕ್ಕೆ ಕಾಯಿಸಿದ ನೀರನ್ನು 'ಸುಡು ತಣ್ಣಿ' ಅನ್ನುತ್ತಾರೆ. ಬಿಡಿಸಿ ಓದಿದರೆ: ಸುಡುವ ತಂಪುನೀರು.